ಆಸ್ಪತ್ರೆ ಲೈನು

ನಮ್ಮ ಊರಿನಲ್ಲಿ ಕರೆಂಟಕ್ಕನ ಮುಖ ಗೊತ್ತಿದ್ದವರು ಕಡಿಮೆ. ಧ್ವನಿ ಗೊತ್ತಿಲ್ಲದವರು ಮಾತ್ರ ಇರಲಿಲ್ಲ. ಊರಿನ ವಿದ್ಯುತ್ ಕಚೇರಿಯಲ್ಲಿ ದೂರಿನ ಫೋನು ಎತ್ತುವುದು ಅವರ ಕೆಲಸ. ದೀಪ ಹೋದರೆ ಜನ ಮೊದಲು ಮೇಣದಬತ್ತಿ ಹುಡುಕುತ್ತಿದ್ದರು, ಆಮೇಲೆ ಅಕ್ಕನನ್ನು. ಒಮ್ಮೆ ತರಕಾರಿ ಅಂಗಡಿಯಲ್ಲಿ "ಈರುಳ್ಳಿ ಹೇಗೆ?" ಎಂದು ಕೇಳಿದ್ದಷ್ಟೇ, ಬೆನ್ನು ಹಾಕಿ ಮೂಟೆ ಬಿಚ್ಚುತ್ತಿದ್ದ ಅಂಗಡಿಯವನು ಗಕ್ಕನೆ ತಿರುಗಿ, "ನೀವು ಕರೆಂಟಕ್ಕ ಅಲ್ವಾ? ನಿನ್ನೆ ನಮ್ಮ ಬೀದೀಲಿ ಯಾಕೆ ತೆಗೆದಿದ್ರಿ?" ಎಂದನಂತೆ. ಅಕ್ಕ ಅಲ್ಲೇ ನಿಂತು, ಮರದ ಕೊಂಬೆ ತಂತಿಯ ಮೇಲೆ ಬಿದ್ದ ಕಥೆಯನ್ನೆಲ್ಲ ವಿವರಿಸಿ, ಕೊನೆಗೆ ಈರುಳ್ಳಿಯನ್ನೇ ಮರೆತು ಮನೆಗೆ ಬಂದರಂತೆ. ಇದನ್ನು ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ನಾನು ಅದೇ ಕಚೇರಿಯಲ್ಲಿ ಬಿಲ್ ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಕೂರುತ್ತಿದ್ದೆ. ಅವರಿಗೂ ನನಗೂ ನಡುವೆ ಎದೆಮಟ್ಟದ ಒಂದು ಹಲಗೆ ಗೋಡೆ. ಅವರ ಕಡೆ ಒಂದು ಮೇಜು, ಕಪ್ಪು ಫೋನು, ಗೋಡೆಗೆ ಊರಿನ ನಕ್ಷೆ. ಯಾವ ಬೀದಿಯಲ್ಲಿ ದೀಪ ಹೋಗಿದೆಯೋ ಅಲ್ಲಿ ಕೆಂಪು ಗುಂಡುಸೂಜಿ ಚುಚ್ಚುತ್ತಿದ್ದರು; ಬಂದ ಮೇಲೆ ತೆಗೆದು ಒಂದು ಹಳೆಯ ಮುಲಾಮಿನ ಡಬ್ಬಿಗೆ ಹಾಕುತ್ತಿದ್ದರು. ಬಾಯಿಗೆ ಬಂದಂತೆ ಬಯ್ಯುವವರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. "ಬಯ್ದು ಮುಗೀತಾ? ಈಗ ಬೀದಿ ಯಾವುದು ಹೇಳಿ" ಎನ್ನುತ್ತಿದ್ದರು. ಎಷ್ಟೋ ಸಲ ಆ ಕಡೆಯವರೇ ನಕ್ಕುಬಿಡುತ್ತಿದ್ದರು. ಆದರೆ ಒಂದು ಮಾತನ್ನು ಮಾತ್ರ ಅವರು ಯಾರಿಗೂ ಸುಮ್ಮನೆ ಹೇಳುತ್ತಿರಲಿಲ್ಲ. 'ಇನ್ನೇನು ಬಂದುಬಿಡುತ್ತೆ' ಎಂಬುದು ಆ ಮಾತು. "ಹುಡುಗರು ಕಂಬದ ಹತ್ತಿರ ಇದ್ದಾರೆ. ಏನಾಗಿದೆ ಅಂತ ಗೊತ್ತಾದ ಮೇಲೆ ನಾನೇ ಫೋನ್ ಮಾಡ್ತೀನಿ" ಎನ್ನುತ್ತಿದ್ದರು, ಮಾಡುತ್ತಲೂ ಇದ್ದರು.

ನಮ್ಮ ವಿದ್ಯುತ್ ಸಂಸ್ಥೆ ಯಾವ ಕಂಪನಿಯದೂ ಆಗಿರಲಿಲ್ಲ. ಊರಿನದೇ. ನಗರಸಭೆಯ ಕೈಕೆಳಗೆ, ಊರಿನವರ ಬಿಲ್ಲಿನಲ್ಲೇ ನಡೆಯುತ್ತಿತ್ತು. ಕಚೇರಿಯ ಹಿಂದೆಯೇ ಕಲ್ಲಿದ್ದಲು ಸುಡುವ ಹಳೆಯ ಪವರ್‌ಹೌಸು. ಅದರ ಚಿಮಣಿಯ ಹೊಗೆ ಯಾವ ಕಡೆ ಬೀಸುತ್ತದೆಂದು ನೋಡಿಕೊಂಡೇ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ ಊರಾಚೆಯ ದೊಡ್ಡ ಬೂದಿಗುಂಡಿಗೆ ಬಿಡುತ್ತಿದ್ದರು. ಅಕ್ಕನ ಗಂಡ ಆ ಪವರ್‌ಹೌಸಿನಲ್ಲಿ ಬಾಯ್ಲರ್ ಮೇಸ್ತ್ರಿ. ಹರೆಯದಲ್ಲೇ ಸೇರಿ, ಬೆಂಕಿಯ ಬಾಯಿ ಕಾಯುತ್ತ, ಬೂದಿ ಎಳೆಯುತ್ತ ಬದುಕು ಕಳೆದವರು. ಆಳು ಎತ್ತರ, ಮಾತು ಕಡಿಮೆ. ಕೆಮ್ಮು ಯಾವಾಗ ಶುರುವಾಯಿತೆಂದು ಕೇಳಿದರೆ ಅವರ ತಾಯಿ, "ಇವನಿಗೆ ಮದುವೆಯಾದಾಗಲೂ ಇತ್ತಲ್ಲ" ಎನ್ನುತ್ತಿದ್ದರು.

ಆಮೇಲೆ ಅದು ಬರೀ ಕೆಮ್ಮಾಗಿ ಉಳಿಯಲಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಯಿತು, ಶರ್ಟು ಹಾಕಿಕೊಂಡ ಮೇಲೆ ಕೂರಬೇಕಾಯಿತು. ಡಾಕ್ಟರು ಎದೆಯ ಫೋಟೋ ತೆಗೆಸಿ, ಶ್ವಾಸಕೋಶ ಗಟ್ಟಿಯಾಗಿದೆ, ಇದು ವಾಸಿಯಾಗುವ ಕಾಯಿಲೆಯಲ್ಲ ಎಂದರು. ಮನೆಗೊಂದು ಆಕ್ಸಿಜನ್ ಮಷೀನು ಬಂತು. ಸಣ್ಣ ಬೀರುವಿನಷ್ಟು ದೊಡ್ಡದು. ಗೋಡೆಯ ಪ್ಲಗ್ಗಿಗೆ ಹಾಕಿದರೆ ಗಾಳಿಯಿಂದಲೇ ಆಕ್ಸಿಜನ್ ಹಿಂಡಿ ಮೂಗಿನ ನಳಿಗೆಗೆ ಕಳಿಸುತ್ತದೆ. ಧಡ್ ಎಂದು ಒಮ್ಮೆ, ಸುಯ್ ಎಂದು ಒಮ್ಮೆ, ಹಗಲೂ ರಾತ್ರಿಯೂ ಅದೇ ಸದ್ದು. ಮೇಸ್ತ್ರಿ ಅದನ್ನು ನೋಡಿ, "ಇಷ್ಟು ವರ್ಷ ನಾನು ಕರೆಂಟಿನ ಹೊಟ್ಟೆ ತುಂಬಿಸಿದೆ, ಈಗ ಅದು ನನಗೆ ತಿನ್ನಿಸ್ತಿದೆ" ಎಂದಿದ್ದರು. ಅಕ್ಕನ ಅತ್ತೆ ಆ ಮಾತಿಗೆ ನಗಲಿಲ್ಲ. ಮಗನ ಕಾಲ ಬಳಿ ಸ್ಟೂಲು ಹಾಕಿಕೊಂಡು ಕೂತರೆ ಏಳುತ್ತಿರಲಿಲ್ಲ.

ಅದೇ ಸುಮಾರಿಗೆ ಹೊಸ ಮ್ಯಾನೇಜರ್ ಬಂದರು. ಕೂಗಾಡದ ಮನುಷ್ಯ; ತಮ್ಮ ಟೀ ಲೋಟ ತಾವೇ ತೊಳೆದಿಡುತ್ತಿದ್ದರು. ಬಾಯ್ಲರಿನ ಆಯುಷ್ಯ ಮುಗಿದಿದೆ, ಇನ್ನೊಂದು ಕಟ್ಟುವುದರ ಬದಲು ಸೂರ್ಯನಿಂದ ಕರೆಂಟು ಮಾಡೋಣ ಎಂದು ಅವರು ನಗರಸಭೆಯ ಮುಂದೆ ಯೋಜನೆ ಇಟ್ಟರು. ಬೂದಿಗುಂಡಿಯನ್ನು ಸಮತಟ್ಟು ಮಾಡಿ ಅದರ ಮೇಲೆ ಸೋಲಾರ್ ಫಲಕಗಳು, ಪಕ್ಕದ ಶೆಡ್ಡಿನಲ್ಲಿ ಸಂಜೆಗೆಂದು ಕರೆಂಟು ತುಂಬಿಟ್ಟುಕೊಳ್ಳುವ ಬ್ಯಾಟರಿಗಳು. ಬೂದಿಯ ಮೇಲೆ ಕಂಬ ನಿಲ್ಲುತ್ತದೆಯೇ ಎಂದು ಯಾರೋ ಕೇಳಿದರು. ಮ್ಯಾನೇಜರ್ ಮುಚ್ಚಿಡಲಿಲ್ಲ. "ಒಳ್ಳೆ ನೆಲ ಅಲ್ಲ ಅದು. ಆದರೆ ಊರಿನ ಕೈಲಿ ಇರೋ ಜಾಗ ಅದೊಂದೇ" ಎಂದರು.

ಊರಿನವರನ್ನು ಕೇಳದೆ ಇಷ್ಟು ದೊಡ್ಡದಕ್ಕೆ ಕೈಹಾಕುವಂತಿರಲಿಲ್ಲ. ನಗರಸಭೆಯ ಸಭಾಂಗಣದಲ್ಲಿ ಸಭೆ ಕರೆದರು. ಕುರ್ಚಿ ಸಾಲದೆ ಜನ ಕಿಟಕಿಕಟ್ಟೆಗಳ ಮೇಲೆ ಕೂತಿದ್ದರು. ಮಾತು ಎಲ್ಲೆಲ್ಲೋ ಹರಿಯಿತು. ಇದ್ದದ್ದನ್ನು ಯಾಕೆ ಕೆಡವಬೇಕು ಎಂದರು ಕೆಲವರು, ಮೋಡ ಬಂದರೆ ಏನು ಗತಿ ಎಂದರು ಕೆಲವರು. ಆಗ ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತರು. ಸಭೆಯಲ್ಲಿ ಬಾಯಿ ತೆರೆದವರಲ್ಲ ಅವರು.

"ನಮ್ಮ ಯಜಮಾನರು ನಿಮ್ಮೆಲ್ಲರ ಮನೆಗೂ ಬೆಂಕಿ ಹಾಕಿದ್ದಾರೆ" ಎಂದು ಶುರುಮಾಡಿದರು. ಸಭೆಯೆಲ್ಲ ಘೊಳ್ಳೆಂದಿತು. ಅಕ್ಕ ನಾಲಿಗೆ ಕಚ್ಚಿಕೊಂಡು, "ಅಂದ್ರೆ, ನಿಮ್ಮೆಲ್ಲರ ಮನೆ ದೀಪಕ್ಕೆ" ಎಂದು ತಿದ್ದಿಕೊಂಡರು. ಅಷ್ಟರಲ್ಲಿ ಆ ಧ್ವನಿ ಯಾರದೆಂದು ಜನಕ್ಕೆ ತಿಳಿದಿತ್ತು. ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಸಭೆ ತಣ್ಣಗಾಯಿತು.

"ಅವರು ಈಗ ಉಸಿರಾಡೋದು ಒಂದು ಮಷೀನಿಂದ. ಆ ಬಾಯ್ಲರ್ ಮುಂದೆ ಈಗ ಬೇರೆಯವರು ನಿಂತಿದ್ದಾರೆ. ಅವರಿಗೂ ಹೀಗೇ ಆಗುತ್ತೆ. ನನಗೆ ಸೋಲಾರು ಗೀಲಾರು ಅರ್ಥ ಆಗಲ್ಲ. ಯಾರೂ ಅದರ ಮುಂದೆ ನಿಂತು ಬೂದಿ ಕುಡೀಬೇಕಾಗಿಲ್ಲ ಅನ್ನೋದು ಮಾತ್ರ ಅರ್ಥ ಆಗಿದೆ. ಅಷ್ಟು ಸಾಕು ನನಗೆ."

ಕೈಗಳು ಎದ್ದವು. ಅವರ ಮಾತೊಂದರಿಂದಲೇ ಯೋಜನೆ ಗೆದ್ದಿತು ಎಂದು ನಾನು ಹೇಳಲಾರೆ. ಆದರೆ ಊರು ಹಾಗೆಂದುಕೊಂಡಿತು. ಅಕ್ಕನೂ ಹಾಗೆಂದುಕೊಂಡರು.

ಬಾಯ್ಲರಿನ ಬೆಂಕಿ ಆರಿಸಿದ ದಿನ ಮೇಸ್ತ್ರಿಯನ್ನು ಕುರ್ಚಿಯ ಸಮೇತ ಎತ್ತಿ ತಂದು ಪವರ್‌ಹೌಸಿನ ಬಾಗಿಲಲ್ಲಿ ಕೂರಿಸಿದ್ದರು. ಅವರು ಕಬ್ಬಿಣ ತಣ್ಣಗಾಗುತ್ತ ಟಕ್ ಟಕ್ ಎನ್ನುವುದನ್ನು ಕೇಳುತ್ತ ಕೂತಿದ್ದರು. ಆಮೇಲಿನ ಒಂದು ವರ್ಷ ಚೆನ್ನಾಗಿತ್ತು. ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಒಣಹಾಕಿದ ಬಟ್ಟೆ ಬೆಳ್ಳಗೇ ಉಳಿಯಿತು. ಸಂಜೆ ಬೀದಿಗಳಲ್ಲಿ ದೀಪ ಮಿಣಕದೆ ಉರಿಯಿತು. ಅಕ್ಕನ ಫೋನು ಎಷ್ಟು ಸುಮ್ಮನಿತ್ತೆಂದರೆ, ಅವರು ಆಗಾಗ ರಿಸೀವರ್ ಎತ್ತಿ ಕಿವಿಗಿಟ್ಟು, "ಸತ್ತಿಲ್ಲ, ಬದುಕಿದೆ" ಎಂದು ಇಡುತ್ತಿದ್ದರು. ಗಂಡನಿಗೊಂದು ಸ್ವೆಟರ್ ಹೆಣೆದು ಮುಗಿಸಿದ್ದು ಆ ಮೇಜಿನ ಮುಂದೆಯೇ. ಅವರ ಎದುರುಮನೆಯ ಟೈಲರ್ ಕಾಲಲ್ಲಿ ತುಳಿಯುವ ಮಷೀನು ಮಾರಿ ಕರೆಂಟಿನದು ತಂದುಕೊಂಡ. ಹಗಲು ಬಟ್ಟೆ ಕಾರ್ಖಾನೆಯಲ್ಲಿ ದುಡಿದು, ಸಂಜೆ ಮನೆಯಲ್ಲಿ ಸ್ವಂತ ಹೊಲಿಗೆ ಹೊಲಿಯುತ್ತಿದ್ದ ಅವನು.

ಎರಡನೇ ಮಳೆಗಾಲದಲ್ಲಿ ಬೂದಿ ಕುಸಿಯಿತು. ಫಲಕಗಳ ಸಾಲುಗಳು ಒಂದು ಕಡೆಗೆ ವಾಲಿದವು. ನೆಲದೊಳಗಿನ ಕೇಬಲ್ಲುಗಳು ಎಳೆದುಕೊಂಡು ಜೋಡಣೆಗಳು ಬಿಟ್ಟವು. ಒಂದು ಸಾಲು ಸರಿಮಾಡುವಷ್ಟರಲ್ಲಿ ಇನ್ನೊಂದು ವಾಲುತ್ತಿತ್ತು. ಇಷ್ಟಾಗಿದ್ದರೆ ಊರು ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಬ್ಯಾಟರಿಗಳು ಉಬ್ಬತೊಡಗಿದವು. ಬೆಂಕಿ ಹೊತ್ತಿಕೊಂಡೀತೆಂದು ಅರ್ಧಕ್ಕಿಂತ ಹೆಚ್ಚನ್ನು ಬಿಚ್ಚಿಡಬೇಕಾಯಿತು. ಕೊಟ್ಟ ಕಂಪನಿಯವರು ಮೊದಮೊದಲು ಇಂದು ನಾಳೆ ಎಂದರು, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಮ್ಯಾನೇಜರ್ ಹಲಗೆ ಗೋಡೆಯ ಬಳಿ ಬಂದು, "ಅಕ್ಕ, ನೀವೇ ಮಾಡಿ ನೋಡಿ. ನಿಮ್ಮ ಧ್ವನಿಗಾದರೂ ಕರಗ್ತಾರೇನೋ" ಎಂದರು.

ಅಕ್ಕ ದಿನವೂ ಮಾಡಿದರು. ಆ ಕಡೆ ಸುಮ್ಮನೆ ರಿಂಗಾಗುತ್ತಿತ್ತು. ಒಂದು ದಿನ ಅಂಥ ನಂಬರೇ ಇಲ್ಲವೆಂದು ಉತ್ತರ ಬಂತು. ರಿಸೀವರ್ ಕೈಯಲ್ಲೇ ಇತ್ತು. "ಬಯ್ಯೋದಕ್ಕಾದರೂ ಒಬ್ಬರು ಇರಬೇಕಪ್ಪ ಆ ಕಡೆ" ಎಂದರು ನನಗೆ.

ಹಳೆಯ ಬಾಯ್ಲರನ್ನು ಅದಾಗಲೇ ಕತ್ತರಿಸಿ ಗುಜರಿಗೆ ಹಾಕಿಯಾಗಿತ್ತು. ಹೊರಗಿನಿಂದ ಕರೆಂಟು ತರಿಸೋಣವೆಂದರೆ ಊರಿಗೆ ಬರುವ ತಂತಿ ಸಣ್ಣದು, ನೀರಿನ ಪಂಪುಗಳಿಗೆ ಸಾಕಾಗುವಷ್ಟು. ಹಾಗಾಗಿ ಹಗಲು ಬಿಸಿಲಿದ್ದರೆ ಎಲ್ಲರಿಗೂ, ಹೊತ್ತು ಮುಳುಗಿ ಪಂಪು ನಿಲ್ಲಿಸಿದ ಮೇಲೆ ಆ ಸಣ್ಣ ತಂತಿಯಿಂದಲೇ ಬೀದಿ ಬೀದಿಗೆ ಸರದಿ ಎಂದಾಯಿತು. ಉಳಿದ ಬ್ಯಾಟರಿಗಳನ್ನು ಒಂದೇ ಒಂದು ಕಡೆಗೆ ಮೀಸಲಿಟ್ಟರು. ಅದು ಆಸ್ಪತ್ರೆಯ ಲೈನು.

ಸರದಿ ಇಲ್ಲದ ಸಂಜೆಗಳಲ್ಲಿ ಮೇಸ್ತ್ರಿಯ ಮಷೀನು ನಿಲ್ಲುತ್ತಿತ್ತು. ಮೊದಲಿಗೆ ಆಸ್ಪತ್ರೆಯವರು ಒಂದು ಸಿಲಿಂಡರ್ ಕೊಟ್ಟರು. ಅಕ್ಕನ ಮೈದುನ, ಅಂದರೆ ಮೇಸ್ತ್ರಿಯ ತಮ್ಮ, ನಮ್ಮ ಕಚೇರಿಯಲ್ಲೇ ಲೈನ್‌ಮನ್. ಅವನೇ ಹೆಗಲ ಮೇಲೆ ಹೊತ್ತು ತರುತ್ತಿದ್ದ, ಖಾಲಿಯಾದದ್ದನ್ನು ಹೊತ್ತೊಯ್ಯುತ್ತಿದ್ದ. ಬರಬರುತ್ತ ಆಸ್ಪತ್ರೆಯಲ್ಲೇ ಸಿಲಿಂಡರಿಗೆ ತತ್ವಾರವಾಯಿತು. ಅಲ್ಲೇ ಸೇರಿಸೋಣವೆಂದರೆ ವಾರ್ಡಿನಲ್ಲಿ ಮಂಚ ಖಾಲಿಯಿರಲಿಲ್ಲ. ಸಂಜೆಯಾದರೆ ಅತ್ತೆ ಮಗನನ್ನು ಗೋಡೆಗೊರಗಿಸಿ ಕೂರಿಸಿ, ಒಂದು ಹಳೆಯ ರಟ್ಟಿನಿಂದ ಗಾಳಿ ಹಾಕುತ್ತಿದ್ದರು. ಗಾಳಿ ಹಾಕಿದರೆ ಏನೂ ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

"ಅತ್ತಿಗೆ, ಆಸ್ಪತ್ರೆ ಲೈನು ನಮ್ಮ ಬೀದಿ ಕಂಬದ ಮೇಲೇ ಹಾದು ಹೋಗುತ್ತೆ" ಎಂದ ಮೈದುನ ಒಂದು ಸಂಜೆ. "ಒಂದು ತಂತಿ ಎಳೆದರೆ ಆಯ್ತು. ಒಂದು ಮಷೀನಿಗೆ ಎಷ್ಟು ಮಹಾ ಬೇಕು?"

"ಬೇಡ" ಎಂದರು ಅಕ್ಕ.

ಅದರ ಬದಲು ಮ್ಯಾನೇಜರರ ಬಳಿ ಹೋಗಿ ನೇರವಾಗಿ ಕೇಳಿದರು. ನಾನು ಹಲಗೆಯ ಈ ಕಡೆ ಇದ್ದೆ, ಎಲ್ಲ ಕೇಳಿಸಿತು. ಮ್ಯಾನೇಜರ್ ತಲೆ ತಗ್ಗಿಸಿಕೊಂಡೇ, "ನಿಮಗೆ ಕೊಟ್ಟರೆ ಇನ್ನು ಯಾರು ಯಾರಿಗೆ ಕೊಡಬೇಕಾಗುತ್ತೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅಕ್ಕ" ಎಂದರು. ಅದು ನಿಜವೇ. ಅಂಥ ಫೋನುಗಳನ್ನೆಲ್ಲ ಎತ್ತುತ್ತಿದ್ದದ್ದು ಅವರೇ. ತಿಂಗಳು ತುಂಬದೆ ಹುಟ್ಟಿದ ಅವಳಿ ಕೂಸುಗಳನ್ನು ಬೆಚ್ಚಗಿಡಬೇಕಾದ ತಾಯಿ, ಫ್ರಿಡ್ಜಿನಲ್ಲಿ ಇನ್ಸುಲಿನ್ ಇಟ್ಟುಕೊಂಡ ಮೇಷ್ಟ್ರು, ಹೀಗೆ. ಎಲ್ಲರಿಗೂ ಅಕ್ಕನೇ ಇಲ್ಲವೆಂದಿದ್ದರು. ಈಗ ತಾವೇ ಆ ಇಲ್ಲವನ್ನು ಕೇಳಿಸಿಕೊಂಡು, "ಸರಿ ಸಾರ್" ಎಂದು ಬಂದು ಕೂತರು. ಆವತ್ತು ಊಟದ ಡಬ್ಬಿ ತೆರೆಯಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಅವರು ಮನೆಗೆ ಹೋದಾಗ ಮೇಸ್ತ್ರಿಯ ತುಟಿ ನೀಲಿಗಟ್ಟಿತ್ತು. ಮಾತಾಡಲು ಬಾಯಿ ತೆರೆದರೆ ಮಾತಿನ ಬದಲು ಕತ್ತಿನ ನರಗಳಷ್ಟೇ ಎದ್ದು ಬರುತ್ತಿದ್ದವು. ಅತ್ತೆ ಸೊಸೆಯ ಮುಖ ನೋಡಿದರು. "ನೀನು ಊರಿಗೆಲ್ಲ ಉತ್ತರ ಹೇಳ್ತೀಯ. ನನಗೂ ಒಂದು ಹೇಳಮ್ಮ" ಎಂದರು.

ಅಕ್ಕ ಹೊರಗೆ ಬಂದು ಮೈದುನನಿಗೆ, "ಎಳೆದುಬಿಡು" ಎಂದರು.

ಕೆಲಸ ಬೇಗ ಆಯಿತು. ಮಷೀನು ಧಡ್ ಎಂದಿತು, ಸುಯ್ ಎಂದಿತು. ಮೇಸ್ತ್ರಿಯ ಮುಖಕ್ಕೆ ಮೆಲ್ಲಗೆ ಬಣ್ಣ ಬಂತು. ಮನೆಯಲ್ಲಿ ಒಂದು ದೀಪವನ್ನೂ ಅವರು ಹಚ್ಚಿಕೊಳ್ಳಲಿಲ್ಲ. ಎಲ್ಲರಂತೆ ಕತ್ತಲಲ್ಲೇ ಉಂಡರು, ಕತ್ತಲಲ್ಲೇ ಪಾತ್ರೆ ತೊಳೆದರು. ಕೆಲವು ದಿನ ಹೋದ ಮೇಲೆ ಮೇಸ್ತ್ರಿ ಹೆಂಡತಿಯನ್ನು ಹತ್ತಿರ ಕರೆದು, "ಇದು ಯಾವ ಲೈನು?" ಎಂದು ಕೇಳಿದರು. ಅಕ್ಕ ಅವರ ಹೊದಿಕೆ ಎಳೆದು ಸರಿಮಾಡಿದರು. "ಯಾರ ಬಾಯಿಂದಲೂ ಕಿತ್ಕೊಂಡು ಕೊಡ್ತಿಲ್ಲ ತಾನೆ ನನಗೆ?" ಎಂದರು ಮೇಸ್ತ್ರಿ. "ಇಲ್ಲ, ಮಲಗಿ" ಎಂದರು ಅಕ್ಕ.

ದೀಪವನ್ನು ಮುಚ್ಚಿಡಬಹುದು, ಸದ್ದನ್ನು ಹೇಗೆ ಮುಚ್ಚಿಡುವುದು? ಕರೆಂಟಿಲ್ಲದ ಬೀದಿಯಲ್ಲಿ ಫ್ಯಾನಿಲ್ಲ, ಟಿವಿಯಿಲ್ಲ. ಆ ಮೌನದಲ್ಲಿ ಒಂದೇ ಒಂದು ಮನೆಯೊಳಗಿಂದ ಧಡ್, ಸುಯ್. ಎದುರುಮನೆಯ ಟೈಲರಿಗೆ ಎಲ್ಲರಿಗಿಂತ ಮೊದಲು ಕೇಳಿಸಿತು. ಅವನು ಜಗಳಕ್ಕೆ ಬರಲಿಲ್ಲ. ಬಂದು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಮೇಸ್ತ್ರಿಯ ಯೋಗಕ್ಷೇಮ ಕೇಳಿ, ಆಮೇಲೆ ಅಕ್ಕನಿಗೆ ಮೆಲ್ಲಗೆ ಹೇಳಿದ.

"ನಾನು ಯಾರಿಗೂ ಹೇಳಲ್ಲ, ಅಕ್ಕ. ಆಣೆ ಮಾಡಿ ಹೇಳ್ತೀನಿ. ಆದರೆ ನನ್ನ ಮಷೀನು ಸುಮ್ಮನೆ ಕೂತಿದೆ. ಹೊಲಿಯೋಕೆ ತಗೊಂಡ ಬಟ್ಟೆ ಎಲ್ಲಾ ವಾಪಸ್ ಹೋಗ್ತಿದೆ. ಸಂಜೆ ಒಂದೆರಡು ತಾಸು ಸಾಕು ನನಗೆ."

ಅವನು ಹೆದರಿಸಿದ್ದರೆ ಅಕ್ಕ ಎದುರಿಸುತ್ತಿದ್ದರು. ಕೇಳಿಕೊಂಡ. ತಾವು ಕೇಳಿಕೊಂಡ ಹಾಗೆಯೇ. ಮೈದುನ ಟೈಲರಿಗೂ ಒಂದು ತಂತಿ ಎಳೆದ. ಟೈಲರ್ ಮಾತಿಗೆ ತಪ್ಪಲಿಲ್ಲ, ಆದರೆ ಅವನ ಮಷೀನಿಗೂ ಸದ್ದಿತ್ತು. ಅವಳಿ ಕೂಸುಗಳ ತಾಯಿ ಬಂದಳು. ಆಕೆಗೆ ಎರಡನೇ ಸಲ ಇಲ್ಲ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಮೂಲೆ ಅಂಗಡಿಯವನು ಯಾರನ್ನೂ ಕೇಳದೆ ತಾನೇ ಕೊಕ್ಕೆ ಹಾಕಿಕೊಂಡ. ಅವನನ್ನು ನೋಡಿ ಪಕ್ಕದ ಬೀದಿಯವರು. ಕಂಬದ ತಲೆ ಬಾಚದ ಕೂದಲಂತೆ ಕಾಣತೊಡಗಿತು. ಮೈದುನ ಹಗಲು ಕಿತ್ತುಹಾಕಿದರೆ ಸಂಜೆಗೆ ಮತ್ತೆ ಹುಟ್ಟಿಕೊಳ್ಳುತ್ತಿತ್ತು. "ನಿಮ್ಮ ಅಣ್ಣನದು ಮೊದಲು ಕೀಳಪ್ಪ" ಎನ್ನುತ್ತಿದ್ದರು ಜನ. ಅವನು ಏಣಿ ಇಳಿದುಬಿಡುತ್ತಿದ್ದ.

ಒಂದು ಸಂಜೆ ಆಸ್ಪತ್ರೆಯಿಂದ ಫೋನು ಬಂದಾಗ ಅಕ್ಕ ಇನ್ನೂ ಕಚೇರಿಯಲ್ಲಿದ್ದರು. ನಾನು ಲೆಕ್ಕ ಮುಗಿಸಿ ಹೊರಡುತ್ತಿದ್ದೆ. ಫೋನಿನಲ್ಲಿದ್ದ ನರ್ಸಿನ ಗಾಬರಿ ನನ್ನವರೆಗೂ ಕೇಳಿಸಿತು.

"ಅಕ್ಕ, ಇಲ್ಲಿ ಪೂರ್ತಿ ಹೋಯ್ತು. ಹೆರಿಗೆ ಕೋಣೆಯಲ್ಲಿ ಒಬ್ಬರಿದ್ದಾರೆ. ಜನರೇಟರ್ ಹತ್ತಿಕೊಳ್ತಾ ಇಲ್ಲ. ಎಷ್ಟು ಹೊತ್ತಾಗುತ್ತೆ?"

ಅಕ್ಕನ ಕೈ ಗುಂಡುಸೂಜಿಯ ಡಬ್ಬಿಯ ಮೇಲಿತ್ತು. ಏನಾಗಿದೆಯೆಂದು ಕೇಳಬೇಕಾಗಿರಲಿಲ್ಲ. "ಈಗಲೇ ಕಳಿಸ್ತೀನಿ" ಎಂದರು. ಡ್ಯೂಟಿಯಲ್ಲಿದ್ದವನು ಮೈದುನನೇ. ಅವನು ಓಡಿದ. ಸ್ವಲ್ಪ ಹೊತ್ತಿಗೆ ಕಂಬದ ಬುಡದಿಂದ ಅವನ ಫೋನು ಬಂತು.

"ಅತ್ತಿಗೆ, ಎರಡು ಸಲ ಫ್ಯೂಸ್ ಹಾಕಿದೆ. ಎರಡು ಸಲವೂ ಸುಟ್ಟುಹೋಯ್ತು. ಕೊಕ್ಕೆಗಳನ್ನು ಕಿತ್ತರೆ ಮಾತ್ರ ನಿಲ್ಲುತ್ತೆ."

"ಕಿತ್ತುಬಿಡು."

"ನಮ್ಮದೊಂದು ಇಟ್ಕೊಳ್ಳಲಾ? ಒಂದೇ ಮಷೀನು, ಅತ್ತಿಗೆ. ಅಷ್ಟು ತಡೆಯುತ್ತೆ."

ಅಕ್ಕ ಕೂತಿದ್ದವರು ಎದ್ದು ನಿಂತರು. ಎದುರಿನ ನಕ್ಷೆಯನ್ನು ನೋಡುತ್ತಿದ್ದರೋ ಇಲ್ಲವೋ ನನಗೆ ತಿಳಿಯದು.

"ಬೀದಿಯವರೆಲ್ಲ ಅಲ್ಲೇ ಇದ್ದಾರಾ?"

"ಇದ್ದಾರೆ. ನೋಡ್ತಿದ್ದಾರೆ."

"ಎಲ್ಲಾ ಕಿತ್ತುಬಿಡು" ಎಂದರು ಅಕ್ಕ.

ರಿಸೀವರ್ ಇಟ್ಟು ನನ್ನ ಕಡೆ ತಿರುಗಿ, "ಫೋನು ನೋಡ್ಕೊಳ್ಳಿ" ಎಂದು ಹೊರಟುಹೋದರು. ಕಚೇರಿಯ ಅಂಗಳದಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮನೆಯಲ್ಲಿ ಉಳಿದಿದ್ದ ಸಿಲಿಂಡರಿನ ಮುಳ್ಳು ತಳಕ್ಕೆ ಬಿದ್ದಿತ್ತು. ಬಟ್ಟೆ ಸಾಗಿಸುವ ತಳ್ಳುಗಾಡಿಯನ್ನು ಟೈಲರ್ ಬಾಗಿಲಿಗೆ ತಂದು ನಿಲ್ಲಿಸಿದ. ಮೇಸ್ತ್ರಿಯನ್ನು ಅದರ ಮೇಲೆ ಒರಗಿಸಿ, ಒಂದು ಕಡೆ ಅಕ್ಕ, ಒಂದು ಕಡೆ ಟೈಲರ್ ತಳ್ಳಿಕೊಂಡು ಹೋದರು. ಹಿಂದೆ ಅತ್ತೆ ಬರಿಗಾಲಲ್ಲಿ ನಡೆದು ಬಂದರು. ಅವರು ತಲುಪುವಷ್ಟರಲ್ಲಿ ಆಸ್ಪತ್ರೆಗೆ ಕರೆಂಟು ಬಂದಿತ್ತು. ಟಾರ್ಚಿನ ಬೆಳಕಿನಲ್ಲಿ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆದರೆ ಒಳಗಿನ ವಾರ್ಡಿನಲ್ಲಿ, ಮೇಸ್ತ್ರಿಯ ಹಾಗೆಯೇ ಮಷೀನಿನ ಮೇಲಿದ್ದ ಒಬ್ಬ ಮುದುಕರು ಆ ಕತ್ತಲಲ್ಲಿ ಹೋಗಿಬಿಟ್ಟಿದ್ದರು. ವಯಸ್ಸಾಗಿತ್ತು, ಇವತ್ತೋ ನಾಳೆಯೋ ಎನ್ನುವಂತಿದ್ದರು ಎಂದರು ಡಾಕ್ಟರು. ಇದ್ದರೂ ಇರಬಹುದು. ಅದನ್ನು ತಿಳಿಯುವ ದಾರಿ ಯಾರಿಗೂ ಇರಲಿಲ್ಲ.

ಆ ಮುದುಕರ ಮಗಳು ಒಂದು ವಾರದ ಮೇಲೆ ನಮ್ಮ ಕಚೇರಿಗೆ ಬಂದಳು. ನನ್ನ ಕಿಟಕಿಯಲ್ಲಿ ಕೇಳಿ, ಹಲಗೆ ಗೋಡೆ ಸುತ್ತಿಕೊಂಡು ಅಕ್ಕನ ಮೇಜಿನ ಮುಂದೆ ನಿಂತಳು.

"ಮೊದಲನೇ ತಂತಿ ನಿಮ್ಮ ಮನೆಯದಂತೆ, ಹೌದಾ?"

"ಹೌದು" ಎಂದರು ಅಕ್ಕ.

ಆಕೆ ಇನ್ನೇನೋ ಹೇಳಲು ಬಂದವಳು. ಅಕ್ಕನ ಮುಖ ನೋಡಿ ಹಾಗೇ ತಿರುಗಿ ಹೋದಳು. ಬಯ್ದಿದ್ದರೆ ಚೆನ್ನಾಗಿತ್ತು ಎಂದರು ಅಕ್ಕ ಆಮೇಲೆ.

ಮೇಸ್ತ್ರಿಗೆ ವಾರ್ಡಿನಲ್ಲಿ ಜಾಗ ಸಿಗಲಿಲ್ಲ. ಕಾರಿಡಾರಿನ ಗೋಡೆಗೆ ಹಾಕಿದ ಮಂಚದ ಮೇಲೆ ಕೆಲವು ವಾರ ಇದ್ದರು. ಒಮ್ಮೊಮ್ಮೆ ಎದ್ದು ಕೂರುವಂತಾಗುತ್ತಿದ್ದರು, ಮರುದಿನ ಮತ್ತೆ ಮೊದಲಿನ ಹಾಗೆ. ಕೊನೆಗೆ ಒಂದು ಬೆಳಗಿನ ಹೊತ್ತು, ಬಿಸಿಲು ಚೆನ್ನಾಗಿ ಕಾಯುತ್ತಿದ್ದಾಗ, ಊರಿನಲ್ಲೆಲ್ಲ ಕರೆಂಟು ಬೇಕಾದಷ್ಟಿದ್ದಾಗ ತೀರಿಕೊಂಡರು. ಮಷೀನು ನಡೆಯುತ್ತಲೇ ಇತ್ತು. ನರ್ಸು ಬಂದು ಅದನ್ನು ಆರಿಸಿ, ಬೇರೆಯವರಿಗೆ ಬೇಕಿದೆಯೆಂದು ತಳ್ಳಿಕೊಂಡು ಹೋದಳು.

ವಿಚಾರಣೆ ನಡೆಯಿತು. "ಎಳೆಯೋಕೆ ಹೇಳಿದ್ದು ನಾನು" ಎಂದು ಅಕ್ಕ ಎಲ್ಲರ ಮುಂದೆ ಹೇಳಿದರು. ಆದರೆ ಕಂಬ ಹತ್ತಿದವನು ತಪ್ಪಿತಸ್ಥ ಎನ್ನುತ್ತದೆ ನಿಯಮ. ಮೈದುನನ ಕೆಲಸ ಹೋಯಿತು. ಅಕ್ಕನನ್ನು ಮಾತ್ರ ಉಳಿಸಿಕೊಂಡರು. ಬಯ್ಸಿಕೊಳ್ಳುವ ಆ ಕುರ್ಚಿಗೆ ಬೇರೆ ಯಾರೂ ಬರಲು ಒಪ್ಪಲಿಲ್ಲವಂತೆ. ಮ್ಯಾನೇಜರ್ ತಾವಾಗಿಯೇ ರಾಜೀನಾಮೆ ಕೊಟ್ಟು ಹೋದರು. ಹೋಗುವ ದಿನ ಅಕ್ಕನ ಮೇಜಿನ ಬಳಿ ಬಂದು ನಿಂತು, ನಕ್ಷೆಯಲ್ಲಿ ವಾಲಿದ್ದ ಒಂದು ಸೂಜಿಯನ್ನು ನೆಟ್ಟಗೆ ಮಾಡಿ ಹೋದರು.

ಅಕ್ಕ ಫೋನು ಎತ್ತುತ್ತಲೇ ಇದ್ದರು. "ನಿಮ್ಮ ಮನೇಲಿ ಇದೆಯಾ ಕರೆಂಟು?" ಎಂದು ಕೇಳಿ ಟಕ್ಕನೆ ಇಡುವವರು ಹೆಚ್ಚಾದರು. ಕೆಲವರು ಅಷ್ಟಕ್ಕೇ ಎಂದು ಫೋನು ಮಾಡುತ್ತಿದ್ದರು. ಅಕ್ಕ ಯಾರಿಗೂ ತಿರುಗಿ ಹೇಳಲಿಲ್ಲ. ಹೊಸ ಬ್ಯಾಟರಿಗಳ ಮಾತು ನಗರಸಭೆಯಲ್ಲಿ ಒಂದೆರಡು ಸಲ ಎದ್ದು, ಅಲ್ಲೇ ತಣ್ಣಗಾಯಿತು. ಬೂದಿಗುಂಡಿಯ ಸಾಲುಗಳು ಪ್ರತಿ ಮಳೆಗೂ ಇನ್ನಷ್ಟು ಇಳಿಯುತ್ತಿದ್ದವು. ಮತ್ತೆ ಸಭೆ ಕರೆದಾಗ ಸಭಾಂಗಣ ಅರ್ಧವೂ ತುಂಬಲಿಲ್ಲ. ಅಕ್ಕನೂ ಹೋಗಲಿಲ್ಲ.

ಮೈದುನನಿಗೆ ದೂರದ ಊರೊಂದರಲ್ಲಿ ಗೋದಾಮು ಕಾಯುವ ಕೆಲಸ ಸಿಕ್ಕಿತು. ಅತ್ತೆ ಅವನ ಜೊತೆ ಹೊರಟುಬಿಟ್ಟರು. ಕಂಬದ ಬುಡದಲ್ಲಿ ನಡೆದ ಮಾತು ಅವರಿಗೆ ಗೊತ್ತಾಗಿತ್ತು, ಅವನು ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡಿದ್ದನ್ನು ಬೀದಿಯವರೆಲ್ಲ ಕೇಳಿಸಿಕೊಂಡಿದ್ದರಲ್ಲ. ಒಂದು ಇಟ್ಟುಕೊಳ್ಳಲೇ ಎಂದು ಕಿರಿಮಗ ಕೇಳಿದ್ದು, ಎಲ್ಲಾ ಕೀಳು ಎಂದು ಸೊಸೆ ಹೇಳಿದ್ದು. ಹೋಗುವ ದಿನದವರೆಗೂ ಅತ್ತೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ತಮ್ಮ ತಟ್ಟೆ ತೊಳೆದುಕೊಂಡರು, ತಮ್ಮ ಹಾಸಿಗೆ ಮಡಚಿಕೊಂಡರು, ಬಸ್ಸು ಹತ್ತಿದರು.

ಒಮ್ಮೆ ಊಟದ ಹೊತ್ತಿನಲ್ಲಿ, ನಾನು ಕೇಳದೆಯೇ, ಅಕ್ಕ ಹೇಳಿದರು. "ಒಂದು ಮಷೀನು ಇಟ್ಕೊಂಡಿದ್ರೆ ಆ ಲೈನು ತಡೀತಿತ್ತು. ಅವನು ಹೇಳಿದ್ದು ಸುಳ್ಳಲ್ಲ. ನನಗೂ ಗೊತ್ತಿತ್ತು."

"ಮತ್ತೆ ಯಾಕಕ್ಕ?" ಎಂದೆ.

"ಎಲ್ಲರೂ ನೋಡ್ತಾ ನಿಂತಿದ್ರಲ್ಲ" ಎಂದರು. ಅನ್ನ ಕಲಸುತ್ತ, "ಅದಕ್ಕೋ, ಬೇರೆ ಏನಕ್ಕೋ. ಈಗ ನೆನೆಸಿಕೊಂಡರೆ ನನಗೇ ಗೊತ್ತಾಗಲ್ಲ" ಎಂದರು.

ಅವರು ರಜೆಯ ದಿನ ಬಸ್ಸು ಹಿಡಿದು ಅತ್ತೆಯನ್ನು ನೋಡಲು ಹೋಗುತ್ತಾರೆ. ಗೋದಾಮಿನ ಹಿಂದೆ ತಗಡಿನ ಸೂರಿನ ಒಂದೇ ಕೋಣೆ. ಮೈದುನ ಎದ್ದು ಬಂದು ಚೀಲ ಇಸಿದುಕೊಳ್ಳುತ್ತಾನೆ, ಮುಖ ಕೊಟ್ಟು ಮಾತಾಡುವುದಿಲ್ಲ. ಅತ್ತೆ ಒಂದು ಲೋಟ ನೀರು ತಂದು ಮುಂದಿಟ್ಟು, ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೇ ಎಂದು ಕೇಳುತ್ತಾರೆ. ಸಿಕ್ಕಿತು ಎನ್ನುತ್ತಾರೆ ಅಕ್ಕ. ಆಮೇಲೆ ಮೂವರೂ ಗೋದಾಮಿಗೆ ಲಾರಿಗಳು ಬಂದು ಹೋಗುವುದನ್ನು ನೋಡುತ್ತ ಕೂರುತ್ತಾರೆ. ವಾಪಸು ಬಸ್ಸಿಗೆ ಹೊತ್ತಾದಾಗ ಅಕ್ಕ ಏಳುತ್ತಾರೆ.

"ಅಷ್ಟು ದೂರ ಹೋಗಿ ಅಷ್ಟೇನಾ?" ಎಂದು ಕೇಳಿದ್ದೆ ಒಮ್ಮೆ.

"ಮತ್ತೇನು ಮಾಡಲಿ ಹೇಳಿ. ಅವರಿಗೆ ಆ ಮಗ ಇಲ್ಲ, ನನಗೆ ಯಜಮಾನರಿಲ್ಲ. ಇದನ್ನ ಇಟ್ಕೊಂಡು ಬೇರೆ ಯಾರ ಹತ್ತಿರ ಹೋಗಿ ಸುಮ್ಮನೆ ಕೂರಲಿ?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಕ್ಕ ಎಡಗೈಯಲ್ಲೇ ಎತ್ತಿ, "ಹೇಳಿ, ಯಾವ ಬೀದಿ?" ಎಂದರು.